ಹಿಂಜರಿತ ಮುಗಿದರೂ ಮುಗಿಯದ ನಷ್ಟ

ಓದುಗರ ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಕೋವಿಡ್ ವರ್ಷದಲ್ಲಿ ನಮ್ಮ ಜಿಡಿಪಿ ಬಿತ್ತು. ಮರುವರ್ಷ ಅದಕ್ಕಿಂತ ಜೋರಾಗಿ ಏರಿತು. ಅಲ್ಲಿಗೆ ಬಿದ್ದದ್ದು ಎದ್ದಂತಾಯಿತು ಅಲ್ವಾ? ಆದರೆ ರಿಸರ್ವ್ ಬ್ಯಾಂಕಿನ 2022ರ ವರದಿಯೊಂದು ಕೋವಿಡ್ ನಷ್ಟ ತುಂಬಿಕೊಳ್ಳಲು 2034-35ರವರೆಗೆ ಬೇಕಾಗಬಹುದು ಅಂದಿತ್ತು. ನಮ್ಮ ಪಠ್ಯದಲ್ಲಿ ನೋಡಿದರೆ, ಆರ್ಥಿಕತೆ ದೀರ್ಘಾವಧಿಯಲ್ಲಿ ತನ್ನ ಸಹಜ ಮಟ್ಟಕ್ಕೆ ತಾನೇ ಮರಳುತ್ತದೆ ಅಂತಿದೆ. ಯಾವುದು ಸರಿ? ಹಿಸ್ಟರಿಸಿಸ್ ಅನ್ನೋದು ಇದಕ್ಕೇ ಸಂಬಂಧಿಸಿದ್ದಾ? ವಿದ್ಯಾರ್ಥಿಗಳಿಗೆ ಯಾವ ಉದಾಹರಣೆ ಕೊಡಲಿ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಮಾಡಿಬಿಡೋಣ. 2019-20ರ ಉತ್ಪಾದನೆಯನ್ನು 100 ಅಂತ ಇಟ್ಟುಕೊಳ್ಳಿ. 2011-12ರ ಬೆಲೆಗಳಲ್ಲಿ ಮಾಡಿದ ಪರಿಷ್ಕೃತ ಲೆಕ್ಕದ ಪ್ರಕಾರ 2020-21ರಲ್ಲಿ ಅದು ಶೇ 5.8ರಷ್ಟು ಕುಸಿದು 94.2 ಆಯಿತು. ಮರುವರ್ಷ ಶೇ 9.7ರಷ್ಟು ಏರಿತು. ಅಂದರೆ 103ಕ್ಕಿಂತ ಸ್ವಲ್ಪ ಜಾಸ್ತಿ. ಬಿದ್ದದ್ದು ಎದ್ದಿತು ಅನ್ನುವ ನಿಮ್ಮ ಮಾತು ಇಲ್ಲಿಯವರೆಗೆ ಸರಿ.

ಆದರೆ ಕೋವಿಡ್ ಬರದೇ ಇದ್ದಿದ್ದರೆ? ವರ್ಷಕ್ಕೆ ಶೇ 6ರಷ್ಟು ಬೆಳೆದಿದ್ದರೂ ಎರಡು ವರ್ಷಕ್ಕೆ 112 ದಾಟುತ್ತಿತ್ತು. ನಾವು ನಿಂತಿದ್ದು 103ರಲ್ಲಿ. ನಡುವಿನ ಅಂತರ ಸುಮಾರು ಶೇ 8. ಇನ್ನು ಮುಂದೆ ಪ್ರತಿವರ್ಷ ಶೇ 6ರಷ್ಟೇ ಬೆಳೆಯುತ್ತಾ ಹೋದರೆ ಆ ಶೇ 8 ಎಂದೂ ತುಂಬುವುದಿಲ್ಲ. ತುಂಬಬೇಕಾದರೆ ಹಲವು ವರ್ಷ ಹಳೆಯ ವೇಗಕ್ಕಿಂತ ಜೋರಾಗಿ ಓಡಬೇಕು. ರಿಸರ್ವ್ ಬ್ಯಾಂಕಿನ 2034-35ರ ಲೆಕ್ಕವೂ ಇದೇ ಜಾತಿಯದು. ಮುಂದಿನ ವರ್ಷಗಳಲ್ಲಿ ಶೇ 7.5ರ ಬೆಳವಣಿಗೆ ಇರುತ್ತದೆ ಅಂತ ಇಟ್ಟುಕೊಂಡು, ಹಳೆಯ ದಾರಿಯನ್ನು ಯಾವಾಗ ಸೇರಬಹುದು ಅಂತ ಅವರು ನೋಡಿದರು.

ಇದು ಬರೀ ಲೆಕ್ಕ. ನಿಜವಾದ ಪ್ರಶ್ನೆ ಮುಂದಿದೆ. ಹಳೆಯ ದಾರಿಗೆ ಆರ್ಥಿಕತೆ ತಾನಾಗಿಯೇ ಮರಳುತ್ತದಾ? ಪಠ್ಯಪುಸ್ತಕ ಮರಳುತ್ತದೆ ಅನ್ನುತ್ತದೆ. ಬೇಡಿಕೆ ಕುಸಿದರೆ ಸ್ವಲ್ಪ ಕಾಲ ಉತ್ಪಾದನೆ ಇಳಿಯುತ್ತದೆ, ನಿರುದ್ಯೋಗ ಏರುತ್ತದೆ, ಆಮೇಲೆ ಬೆಲೆ ಮತ್ತು ಕೂಲಿ ಹೊಂದಿಕೊಂಡು ಎಲ್ಲ ಮೊದಲಿನಂತಾಗುತ್ತದೆ. ದೀರ್ಘಾವಧಿಯ ಮಟ್ಟವನ್ನು ತೀರ್ಮಾನಿಸುವುದು ಜನರ ಕೌಶಲ, ಯಂತ್ರ, ತಂತ್ರಜ್ಞಾನ. ಬೇಡಿಕೆಗೆ ಅಲ್ಲಿ ಪಾತ್ರವೇ ಇಲ್ಲ. ಮಿಲ್ಟನ್ ಫ್ರೀಡ್‌ಮನ್ ಮತ್ತು ಎಡ್ಮಂಡ್ ಫೆಲ್ಪ್ಸ್ 1960ರ ದಶಕದ ಕೊನೆಯಲ್ಲಿ ಮುಂದಿಟ್ಟ ಸಹಜ ನಿರುದ್ಯೋಗ ದರದ ಸಿದ್ಧಾಂತದ ತಿರುಳು ಇದು. ಸಹಜ ದರ ಅಂದರೆ ಹಣದುಬ್ಬರ ಏರದೆ, ಇಳಿಯದೆ ಒಂದೇ ಕಡೆ ನಿಲ್ಲುವ ನಿರುದ್ಯೋಗದ ಮಟ್ಟ.

ಹಿಸ್ಟರಿಸಿಸ್ ಈ ತಿರುಳಿಗೇ ಕೈ ಹಾಕುತ್ತದೆ. ಈ ಪದ ಬಂದದ್ದು ಭೌತವಿಜ್ಞಾನದಿಂದ. ಉಕ್ಕಿನ ಮೊಳೆಗೆ ತಂತಿ ಸುತ್ತಿ ವಿದ್ಯುತ್ ಹರಿಸಿದರೆ ಅದು ಆಯಸ್ಕಾಂತವಾಗುತ್ತದೆ. ವಿದ್ಯುತ್ ನಿಲ್ಲಿಸಿದರೂ ಕಾಂತತ್ವ ಪೂರ್ತಿ ಹೋಗುವುದಿಲ್ಲ, ಒಂದಿಷ್ಟು ಉಳಿದೇ ಇರುತ್ತದೆ. ಅದನ್ನು ತೆಗೆಯಬೇಕಾದರೆ ವಿದ್ಯುತ್ತನ್ನು ಉಲ್ಟಾ ಹರಿಸಬೇಕು. ಇಲ್ಲಿ ಗಮನಿಸಬೇಕಾದದ್ದು ಎರಡು. ಕಾರಣ ಹೋದರೂ ಪರಿಣಾಮ ಉಳಿಯುತ್ತದೆ. ಮತ್ತು ಅದನ್ನು ಅಳಿಸಲು ಕಾರಣವನ್ನು ನಿಲ್ಲಿಸಿದರೆ ಸಾಲದು, ಎದುರು ದಿಕ್ಕಿನಿಂದ ತಳ್ಳಬೇಕು. ಅರ್ಥಶಾಸ್ತ್ರದಲ್ಲಿ ಎಲ್ಲರೂ ಮೊದಲನೆಯದನ್ನು ಹೇಳಿ ನಿಲ್ಲಿಸುತ್ತಾರೆ. ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ.

ವಿದ್ಯಾರ್ಥಿಗಳಿಗೆ ಹೇಳಲು 1980ರ ದಶಕದ ಬ್ರಿಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1979ರ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದಾಗ ನಿರುದ್ಯೋಗ ಶೇ 5ರ ಆಸುಪಾಸಿನಲ್ಲಿತ್ತು. ಹಣದುಬ್ಬರ ಏರುತ್ತಿತ್ತು. 1980ರಲ್ಲಿ ಅದು ಸುಮಾರು ಶೇ 18 ಮುಟ್ಟಿತು. ಅದನ್ನು ತಗ್ಗಿಸಲೇಬೇಕು ಅಂತ ಸರ್ಕಾರ ಹಟ ಹಿಡಿಯಿತು. 1979ರ ನವೆಂಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಬಡ್ಡಿದರ ಶೇ 17ಕ್ಕೆ ಹೋಯಿತು. ಉತ್ತರ ಸಮುದ್ರದ ತೈಲ ಮತ್ತು ಈ ಬಡ್ಡಿ ಸೇರಿ ಪೌಂಡಿನ ಬೆಲೆ ಏರಿತು. ರಫ್ತು ಮಾಡುವ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಹಿಂಜರಿತದ ನಡುವೆಯೇ, 1981ರ ಮಾರ್ಚ್ ಬಜೆಟ್‌ನಲ್ಲಿ ತೆರಿಗೆಯನ್ನೂ ಏರಿಸಿದರು. ಅದನ್ನು ವಿರೋಧಿಸಿ 364 ಅರ್ಥಶಾಸ್ತ್ರಜ್ಞರು ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು.

ಆ ಪತ್ರದ ಬಗ್ಗೆ ಇವತ್ತಿಗೂ ಜಗಳವಿದೆ. ಯಾಕೆಂದರೆ ಉತ್ಪಾದನೆ 1981ರಲ್ಲೇ ಏರಲು ಶುರುವಾಯಿತು. 1983ರ ಹೊತ್ತಿಗೆ ಹಣದುಬ್ಬರ ಶೇ 5ಕ್ಕಿಂತ ಕೆಳಗಿಳಿಯಿತು. ಹಾಗಾಗಿ 364 ಜನರೂ ತಪ್ಪು ಹೇಳಿದರು ಅಂತ ಒಂದು ವಾದ. ಆದರೆ ನಿರುದ್ಯೋಗವನ್ನು ನೋಡಿ. 1982ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಆರ್ಥಿಕತೆ ಬೆಳೆಯುತ್ತಿದ್ದರೂ ಅದು ಏರುತ್ತಲೇ ಹೋಯಿತು. 1984ರಲ್ಲಿ ದರ ಸುಮಾರು ಶೇ 12. 1986 ಬಂದರೂ ಗಮನಾರ್ಹವಾಗಿ ಇಳಿಯಲಿಲ್ಲ.

ಇಲ್ಲೇ ಪಠ್ಯಪುಸ್ತಕ ಸಿಕ್ಕಿಹಾಕಿಕೊಂಡಿತು. ಸಹಜ ದರ ಶೇ 5 ಆಗಿದ್ದು, ನಿಜವಾದ ನಿರುದ್ಯೋಗ ಶೇ 11-12 ಇದ್ದರೆ, ಸಿದ್ಧಾಂತದ ಪ್ರಕಾರ ಹಣದುಬ್ಬರ ವರ್ಷ ವರ್ಷವೂ ಇಳಿಯುತ್ತಲೇ ಇರಬೇಕು. ಕೆಲಸಕ್ಕೆ ಅಷ್ಟು ಜನ ಕಾದು ನಿಂತಿದ್ದಾರೆ, ಕೂಲಿ ಏರುವುದಾದರೂ ಹೇಗೆ? ಆದರೆ ಹಣದುಬ್ಬರ ಶೇ 5ರ ಅಕ್ಕಪಕ್ಕದಲ್ಲೇ ನಿಂತುಬಿಟ್ಟಿತು. ಕೂಲಿ ಏರುತ್ತಲೇ ಇತ್ತು. ಅಂದರೆ ಆ 30 ಲಕ್ಷ ಜನ ಲೆಕ್ಕದಲ್ಲಿ ಇದ್ದರೂ ಮಾರುಕಟ್ಟೆಯ ಪಾಲಿಗೆ ಇಲ್ಲದಂತಾಗಿದ್ದರು. ಸಹಜ ದರವೇ ನಿಜವಾದ ದರದ ಬೆನ್ನು ಹತ್ತಿ ಮೇಲೆ ಹೋಗಿತ್ತು.

ಬ್ರಿಟನ್ ಒಂದೇ ಅಲ್ಲ, ಪಶ್ಚಿಮ ಯುರೋಪಿನ ದೊಡ್ಡ ದೇಶಗಳೆಲ್ಲ ಇದೇ ಪಾಡಿನಲ್ಲಿದ್ದವು. 1986ರಲ್ಲಿ ಒಲಿವಿಯೆ ಬ್ಲಾಂಶಾರ್ ಮತ್ತು ಲಾರೆನ್ಸ್ ಸಮ್ಮರ್ಸ್ ಯುರೋಪಿನ ನಿರುದ್ಯೋಗದ ಬಗ್ಗೆ ಒಂದು ಪ್ರಬಂಧ ಬರೆದರು. ಹಿಸ್ಟರಿಸಿಸ್ ಪದ ಅರ್ಥಶಾಸ್ತ್ರದಲ್ಲಿ ಮನೆಮಾತಾಗಿದ್ದು ಅದರಿಂದ. ಫೆಲ್ಪ್ಸ್ ಅದನ್ನು 1972ರಲ್ಲೇ ಬಳಸಿದ್ದರು ಅನ್ನುವುದು ನಿಜ. ತಾವೇ ಕಟ್ಟಿದ ಸಿದ್ಧಾಂತದ ದುರ್ಬಲ ಜಾಗ ಅವರಿಗೆ ಅಷ್ಟು ಬೇಗ ಕಂಡಿತ್ತು.

ಬ್ಲಾಂಶಾರ್ ಮತ್ತು ಸಮ್ಮರ್ಸ್ ಕೊಟ್ಟ ಮುಖ್ಯ ವಿವರಣೆ ಒಳಗಿನವರು, ಹೊರಗಿನವರು ಅನ್ನುವುದು. ಒಂದು ಕಾರ್ಖಾನೆಯಲ್ಲಿ 1000 ಜನ ಇದ್ದಾರೆ ಅಂದುಕೊಳ್ಳಿ. ಹಿಂಜರಿತದಲ್ಲಿ 200 ಜನರನ್ನು ತೆಗೆದರು. ಬೇಡಿಕೆ ಮರಳಿದಾಗ ಆಡಳಿತದ ಜೊತೆ ಮಾತುಕತೆಗೆ ಕೂರುವವರು ಉಳಿದ 800 ಜನರ ಪ್ರತಿನಿಧಿಗಳು. ಅವರು ತಮ್ಮ 800 ಕೆಲಸ ಭದ್ರವಾಗಿರುವಷ್ಟಕ್ಕೆ ನೋಡಿಕೊಂಡು, ಹೆಚ್ಚಿನ ಲಾಭ ಕೂಲಿಯ ರೂಪದಲ್ಲಿ ಬರಲಿ ಅನ್ನುತ್ತಾರೆ. ಹೊರಗೆ ಹೋದ 200 ಜನರ ಪರವಾಗಿ ಅಲ್ಲಿ ಯಾರೂ ಕೂತಿಲ್ಲ. ಹೊಸ ಸಮತೋಲನ 800ಕ್ಕೇ ನಿಲ್ಲುತ್ತದೆ. ಜಾಣ ವಿವರಣೆ. ಆದರೆ ಎಲ್ಲ ಹೊರೆಯನ್ನೂ ಕಾರ್ಮಿಕ ಸಂಘಗಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸಂಘಗಳ ಬಲ ಕುಗ್ಗಿದ ಮೇಲೂ, ಸಂಘಗಳೇ ಇಲ್ಲದ ಕಡೆಯೂ ಇದೇ ಗಾಯ ಕಾಣಿಸುತ್ತದೆ.

ಇನ್ನೊಂದು ದಾರಿ ನೇರವಾಗಿ ಮನುಷ್ಯರ ಮೂಲಕ ಹಾದುಹೋಗುತ್ತದೆ. ತುಂಬಾ ದಿನ ಕೆಲಸವಿಲ್ಲದೆ ಕೂತವರಿಗೆ ಕೈ ಪಳಗುವುದು ತಪ್ಪುತ್ತದೆ. ಪರಿಚಯದವರ ಬಳಗ ಕರಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಲಸ ಕೊಡುವವರು ಅವರನ್ನು ಕರೆಯುವುದನ್ನೇ ಬಿಡುತ್ತಾರೆ. ಇದನ್ನು ಅಳೆದು ನೋಡಿದ್ದಾರೆ. ಕೋರಿ ಕ್ರಾಫ್ಟ್, ಫೇಬಿಯನ್ ಲಾಂಗೆ, ಮ್ಯಾಥ್ಯೂ ನೊಟೊವಿಡಿಗ್ಡೊ ಎಂಬ ಮೂವರು ಸಂಶೋಧಕರು 2008ರ ಬಿಕ್ಕಟ್ಟಿನ ನಂತರದ ಅಮೆರಿಕದಲ್ಲಿ ಸುಮಾರು 12,000 ಕಾಲ್ಪನಿಕ ಬಯೋಡೇಟಾಗಳನ್ನು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳಿಸಿದರು. ಎಷ್ಟು ತಿಂಗಳಿಂದ ಕೆಲಸವಿಲ್ಲ ಅನ್ನುವುದನ್ನು ಮಾತ್ರ ಚೀಟಿ ಎತ್ತಿದ ಹಾಗೆ ಅಡ್ಡಾದಿಡ್ಡಿಯಾಗಿ ಬದಲಿಸಿದರು. ಹಾಗಾಗಿ ಓದು, ಅನುಭವ ಇವುಗಳಿಂದ ಉತ್ತರ ವಾಲುವ ಪ್ರಶ್ನೆಯೇ ಇರಲಿಲ್ಲ. ಸಂದರ್ಶನಕ್ಕೆ ಬನ್ನಿ ಅನ್ನುವ ಕರೆಗಳು ಮೊದಲ ಎಂಟು ತಿಂಗಳಲ್ಲೇ ಗಣನೀಯವಾಗಿ ಇಳಿದವು. ಅಲ್ಲಿಂದ ಮುಂದೆ ಹೆಚ್ಚು ಇಳಿಯಲಿಲ್ಲ. ಇದರಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಎಲ್ಲೆಡೆ ನಿರುದ್ಯೋಗ ಹೆಚ್ಚಿರುವ ಊರುಗಳಲ್ಲಿ ಈ ತಾರತಮ್ಯ ಕಡಿಮೆ. ಕೆಲಸ ಹೋಗಿದ್ದು ಇವನ ತಪ್ಪಲ್ಲ ಅಂತ ಅಲ್ಲಿ ಮಾಲೀಕರಿಗೂ ಗೊತ್ತಿರುತ್ತದೆ.

ಎಂಟು ತಿಂಗಳು ಅನ್ನುವ ಈ ಅಂಕಿಯನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ಸರ್ಕಾರವೊಂದು ಹಿಂಜರಿತವನ್ನು ಗುರುತಿಸಿ, ಚರ್ಚಿಸಿ, ಯೋಜನೆ ಮಾಡಿ, ಹಣ ಬಿಡುಗಡೆ ಮಾಡುವ ಹೊತ್ತಿಗೆ ಅಷ್ಟು ಕಾಲ ಸುಮ್ನೆ ಕಳೆದುಹೋಗುತ್ತದೆ.

ಬ್ರಿಟನ್ನಿನ ಗಣಿ ಊರುಗಳಲ್ಲಿ ಇದರ ಮುಂದಿನ ಹಂತ ಕಾಣುತ್ತದೆ. 1984-85ರ ವರ್ಷವಿಡೀ ನಡೆದ ಮುಷ್ಕರ ಸೋತ ಮೇಲೆ ಕಲ್ಲಿದ್ದಲ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಅಷ್ಟು ಕೆಲಸ ಹೋದರೆ ಅಲ್ಲಿಯ ನಿರುದ್ಯೋಗ ದರ ಆಕಾಶಕ್ಕೆ ಹೋಗಬೇಕು ತಾನೇ? ಹೋಗಲಿಲ್ಲ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಬೀಟಿ ಮತ್ತು ಸ್ಟೀವ್ ಫಾದರ್‌ಗಿಲ್ ಇದರ ಬೆನ್ನು ಹತ್ತಿದರು. ಗಂಡಸರು ನಿರುದ್ಯೋಗಿಗಳ ಪಟ್ಟಿಯಿಂದ ಜಾರಿ ‘ಕಾಯಂ ಅನಾರೋಗ್ಯ’ದ ಪಟ್ಟಿಗೆ ಸೇರಿದ್ದರು. ವರ್ಷಗಟ್ಟಲೆ ನೆಲದಡಿ ದುಡಿದವರ ಎದೆ, ಬೆನ್ನು, ಮಂಡಿ ನಿಜವಾಗಿಯೂ ಸವೆದಿರುತ್ತವೆ. ಗಣಿ ನಡೆಯುತ್ತಿದ್ದಾಗ ಅದೇ ದೇಹದಲ್ಲಿ ಹಗುರವಾದ ಕೆಲಸ ಮಾಡಿಕೊಂಡು ಹೋಗುತ್ತಿದ್ದರು. ಕೆಲಸ ಹೋದ ಮೇಲೆ ಅದೇ ಕಾಯಿಲೆ ಅವರನ್ನು ದುಡಿಮೆಯಿಂದಲೇ ಹೊರಗೆ ಹಾಕಿತು. 1970ರ ದಶಕದ ಕೊನೆಯಲ್ಲಿ ಇಡೀ ಬ್ರಿಟನ್‌ನಲ್ಲಿ ಅನಾರೋಗ್ಯ ಭತ್ಯೆ ಪಡೆಯುತ್ತಿದ್ದ ದುಡಿಯುವ ವಯಸ್ಸಿನವರು ಸುಮಾರು ಏಳೂವರೆ ಲಕ್ಷ. 2000ದ ದಶಕದ ಆರಂಭಕ್ಕೆ ಅದು 25 ಲಕ್ಷ ಮೀರಿತ್ತು. ಅಷ್ಟರಲ್ಲಿ ದೇಶದ ನಿರುದ್ಯೋಗ ದರ ಮತ್ತೆ ಶೇ 5ಕ್ಕೆ ಇಳಿದಿತ್ತು. ದರ ಮಾತ್ರ ನೋಡಿದವರಿಗೆ ಎಲ್ಲ ವಾಸಿಯಾದಂತೆ ಕಂಡಿತು.

ಮೂರನೆಯ ದಾರಿ ಬಂಡವಾಳದ್ದು. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಕೆಜಿಎಫ್ ಇದೆ. ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕೆಜಿಎಫ್ ಮುಚ್ಚಿದ್ದು ಹಿಂಜರಿತದಿಂದಲ್ಲ. ಅದಿರಿನಲ್ಲಿ ಚಿನ್ನದ ಅಂಶ ಇಳಿದಿತ್ತು, ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಹೋಗಿ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆಗ ಚಿನ್ನಕ್ಕೆ ಒಂದು ಔನ್ಸಿಗೆ 270 ಡಾಲರ್ ಆಸುಪಾಸು. ಹತ್ತೇ ವರ್ಷದಲ್ಲಿ ಅದು 1,900 ಡಾಲರ್ ಮುಟ್ಟಿತು. ಆದರೂ ಗಣಿ ತೆರೆಯಲಿಲ್ಲ. ಯಾಕೆ?

ಗಣಿ ನಡೆಯುವಾಗ ನೀರೆತ್ತುವ ಪಂಪುಗಳು ಹಗಲೂ ರಾತ್ರಿ ಓಡುತ್ತಿರಬೇಕು. ಪಂಪು ನಿಂತರೆ ನೀರು ಏರುತ್ತದೆ. ಸುರಂಗ ತುಂಬುತ್ತದೆ, ಆಸರೆ ಕಂಬಗಳು ಕೊಳೆಯುತ್ತವೆ, ಯಂತ್ರ ತುಕ್ಕು ಹಿಡಿಯುತ್ತದೆ. ಆ ಬಂಡೆಯ ಗುಣ ಬಲ್ಲ ಮೇಸ್ತ್ರಿಗಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಕೆಜಿಎಫ್‌ನಿಂದ ಬೆಳಗ್ಗೆ ಬೆಂಗಳೂರಿಗೆ ಬರುವ ಮಾರಿಕುಪ್ಪಂ ರೈಲುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ ಅನ್ನುವುದು ಆ ಕಡೆಯವರಿಗೆಲ್ಲ ಗೊತ್ತು. ಗಣಿಯನ್ನು ನಡೆಸಿಕೊಂಡು ಹೋಗಲು ಬೇಕಾದ ಬೆಲೆಯೇ ಬೇರೆ, ಮುಚ್ಚಿದ ಗಣಿಯನ್ನು ತೆರೆಯಲು ಬೇಕಾದ ಬೆಲೆಯೇ ಬೇರೆ. ಎರಡನೆಯದು ತುಂಬಾ ಜಾಸ್ತಿ. ಮುಂಬೈಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಅವಿನಾಶ್ ದೀಕ್ಷಿತ್ 1989ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ಉದ್ಯಮಕ್ಕೆ ಇಳಿಯುವ ಬೆಲೆ ಮತ್ತು ಬಿಡುವ ಬೆಲೆಯ ನಡುವೆ ಒಂದು ಅಗಲವಾದ ಪಟ್ಟಿ ಇರುತ್ತದೆ. ಮುಂದೇನಾಗುತ್ತದೋ ಅನ್ನುವ ಅನಿಶ್ಚಿತತೆ ಹೆಚ್ಚಿದಷ್ಟೂ ಆ ಪಟ್ಟಿ ಇನ್ನೂ ಅಗಲವಾಗುತ್ತದೆ. ಬೆಲೆ ಆ ಪಟ್ಟಿಯೊಳಗೆ ಇರುವಾಗ ನಡೆಯುತ್ತಿದ್ದ ಉದ್ಯಮ ನಡೆಯುತ್ತಿರುತ್ತದೆ, ಮುಚ್ಚಿದ್ದು ಮುಚ್ಚಿಯೇ ಇರುತ್ತದೆ.

ಹಿಂಜರಿತದಲ್ಲಿ ಮುಚ್ಚುವ ಸಣ್ಣ ಕೈಗಾರಿಕೆಗಳ ಕಥೆಯೂ ಇದೇ. ಬೇಡಿಕೆ ಮರಳಿತು ಅನ್ನುವ ಒಂದೇ ಕಾರಣಕ್ಕೆ ಮಾರಿದ ಲೇತ್ ಯಂತ್ರ ವಾಪಸ್ ಬರುವುದಿಲ್ಲ.

ಈಗ ನಿಮ್ಮ ತರಗತಿಯಲ್ಲಿ ಗೊಂದಲ ಆಗಬಹುದಾದ ಜಾಗಕ್ಕೆ ಬರೋಣ. ನಿಧಾನವಾಗಿ ಮರಳುವುದು ಬೇರೆ, ಮರಳದೇ ಇರುವುದು ಬೇರೆ. ಶುದ್ಧ ಅರ್ಥದ ಹಿಸ್ಟರಿಸಿಸ್ ಎರಡನೆಯದು. ಒಂದು ಆಘಾತ 100 ರೂಪಾಯಿಯಷ್ಟು ನಷ್ಟ ಮಾಡಿತು, ಪ್ರತಿವರ್ಷ ಅದರ ಶೇ 80 ಭಾಗ ಮುಂದಿನ ವರ್ಷಕ್ಕೆ ದಾಟುತ್ತದೆ ಅಂದುಕೊಳ್ಳಿ. ಹತ್ತು ವರ್ಷಕ್ಕೆ ಸುಮಾರು 11 ರೂಪಾಯಿ ಉಳಿದಿರುತ್ತದೆ. ಶೇ 90 ಭಾಗ ದಾಟಿದರೆ ಹತ್ತು ವರ್ಷದ ನಂತರವೂ 35 ರೂಪಾಯಿ ಬಾಕಿ. ಶೇ 100 ದಾಟಿದರೆ ಎಂದೆಂದಿಗೂ 100 ರೂಪಾಯಿ. ಅಂಕಿಅಂಶಗಳ ಕಷ್ಟ ಏನಂದರೆ, ಕೈಯಲ್ಲಿರುವುದು ನಲವತ್ತು ಐವತ್ತು ವರ್ಷಗಳ ದತ್ತಾಂಶ. ಅದರಲ್ಲಿ 90ಕ್ಕೂ 100ಕ್ಕೂ ವ್ಯತ್ಯಾಸ ಹಿಡಿಯುವುದು ತುಂಬಾ ಕಷ್ಟ. ಇದರ ಮೇಲೆ ನೂರಾರು ಪ್ರಬಂಧಗಳಿವೆ. ನನ್ನ ಮಟ್ಟಿಗೆ ಆ ಜಗಳಕ್ಕೆ ಅಷ್ಟು ಬೆಲೆಯಿಲ್ಲ. 22ನೇ ವಯಸ್ಸಿನಲ್ಲಿ ಕೆಲಸ ಸಿಗದವನಿಗೆ ನಷ್ಟ ಹತ್ತು ವರ್ಷಕ್ಕೆ ತೀರಿತಾ, ತೀರಲೇ ಇಲ್ಲವಾ ಅನ್ನುವುದು ತತ್ವದ ಪ್ರಶ್ನೆಗಿಂತ ಜೀವನದ ಪ್ರಶ್ನೆ. ಹತ್ತು ವರ್ಷವೂ ಕಡಿಮೆಯೇನಲ್ಲ.

ಅದನ್ನೂ ಅಳೆದಿದ್ದಾರೆ. ಕೆನಡಾದಲ್ಲಿ ಹಿಂಜರಿತದ ಹೊತ್ತಿಗೆ ಪದವಿ ಮುಗಿಸಿದವರ ಆರಂಭದ ಗಳಿಕೆ ಸುಮಾರು ಶೇ 9ರಷ್ಟು ಕಡಿಮೆ ಇರುತ್ತದೆ, ಅದು ತುಂಬಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕು ಅಂತ ಫಿಲಿಪ್ ಒರಿಯೋಪೌಲೋಸ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಜಪಾನಿನಲ್ಲಿ ಇನ್ನೂ ಕಷ್ಟ. ಅಲ್ಲಿ ದೊಡ್ಡ ಕಂಪನಿಗಳು ಕಾಲೇಜು ಮುಗಿಸಿದವರನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಆ ಬಸ್ ತಪ್ಪಿದರೆ ಮತ್ತೊಂದು ಬರುವುದು ಅಪರೂಪ. 1993ರಿಂದ 2000ದ ದಶಕದ ಮೊದಲ ವರ್ಷಗಳವರೆಗೆ ಓದು ಮುಗಿಸಿದವರನ್ನು ಅಲ್ಲಿ ‘ಉದ್ಯೋಗದ ಹಿಮಯುಗ’ದ ಪೀಳಿಗೆ ಅನ್ನುತ್ತಾರೆ. 2019ರಲ್ಲಿ ಹ್ಯೋಗೊ ಪ್ರಾಂತ್ಯದ ತಕರಾಜುಕಾ ನಗರಸಭೆ ಈ ಪೀಳಿಗೆಯವರಿಗೆಂದೇ ಮೂರು ಹುದ್ದೆಗಳನ್ನು ಕರೆಯಿತು. ಅರ್ಜಿ ಹಾಕಿದವರು 1,800ಕ್ಕೂ ಹೆಚ್ಚು. ಆಗ ಅವರ ವಯಸ್ಸು ಮೂವತ್ತರ ಕೊನೆ, ನಲವತ್ತರ ಆರಂಭ.

ದೇಶಗಳ ಮಟ್ಟದ ಸಾಕ್ಷ್ಯ ಏನು ಹೇಳುತ್ತದೆ? ಬ್ಲಾಂಶಾರ್, ಯುಜೆನಿಯೊ ಸೆರುಟಿ ಮತ್ತು ಸಮ್ಮರ್ಸ್ 2015ರಲ್ಲಿ 23 ಶ್ರೀಮಂತ ದೇಶಗಳ 122 ಹಿಂಜರಿತಗಳನ್ನು ನೋಡಿದರು. ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಉತ್ಪಾದನೆ ಹಳೆಯ ದಾರಿಗೆ ಮರಳಿರಲಿಲ್ಲ. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬೆಳವಣಿಗೆಯ ವೇಗವೇ ಕುಗ್ಗಿತ್ತು. ಲಾರೆನ್ಸ್ ಬಾಲ್ 2008ರ ಬಿಕ್ಕಟ್ಟಿನ ನಂತರದ ಲೆಕ್ಕ ಮಾಡಿದಾಗ ಗ್ರೀಸ್, ಹಂಗೇರಿ, ಐರ್ಲೆಂಡ್‌ಗಳಲ್ಲಿ ಉತ್ಪಾದನಾ ಸಾಮರ್ಥ್ಯದ ನಷ್ಟ ಶೇ 30 ದಾಟಿತ್ತು. ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ.

ಇಲ್ಲಿ ಜಾಗ್ರತೆ ಬೇಕು. ಹಿಂಜರಿತದ ನಂತರ ಬೆಳವಣಿಗೆ ಕುಗ್ಗಿತು ಅಂದ ಮಾತ್ರಕ್ಕೆ ಹಿಂಜರಿತದಿಂದಲೇ ಕುಗ್ಗಿತು ಅಂತಲ್ಲ. ಬೇರೆ ಯಾವುದೋ ಕಾರಣಕ್ಕೆ ಮುಂದಿನ ದಿನಗಳು ಚೆನ್ನಾಗಿಲ್ಲ ಅಂತ ಕಂಪನಿಗಳಿಗೆ ಮೊದಲೇ ಅನ್ನಿಸಿ, ಹೂಡಿಕೆ ನಿಲ್ಲಿಸಿ, ಅದರಿಂದಲೇ ಹಿಂಜರಿತ ಬಂದಿರಬಹುದು. 2009ರ ನಂತರದ ಅಮೆರಿಕದ ಮಂದಗತಿಗೆ ಜನಸಂಖ್ಯೆಗೆ ವಯಸ್ಸಾಗಿದ್ದೂ, ಬಿಕ್ಕಟ್ಟಿಗೆ ಮೊದಲೇ ಶುರುವಾಗಿದ್ದ ಉತ್ಪಾದಕತೆಯ ಇಳಿಕೆಯೂ ದೊಡ್ಡ ಕಾರಣ ಅಂತ ಜಾನ್ ಫರ್ನಾಲ್ಡ್ ಮತ್ತು ಸಂಗಡಿಗರು ವಾದಿಸಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಹಣದುಬ್ಬರ ಇಳಿಸಲೆಂದು ಸರ್ಕಾರಗಳೇ ಬೇಕಂತ ತಂದುಕೊಂಡ ಹಿಂಜರಿತಗಳೂ ಇವೆ. ಅಲ್ಲಿ ಕಾರಣ ಏನು ಅಂತ ಹುಡುಕಬೇಕಿಲ್ಲ. ಅಂಥವುಗಳಲ್ಲೂ ಬಹಳಷ್ಟರ ನಂತರ ಉತ್ಪಾದನೆ ಕೆಳಗೇ ಉಳಿದಿತ್ತು. ಹಾಗಾಗಿ ನಾನು ಹಿಸ್ಟರಿಸಿಸ್ ಪರವಾಗಿಯೇ ವಾಲುತ್ತೇನೆ.

ಮೊಳೆಯ ಎರಡನೇ ಪಾಠ ಹೇಳಿದ್ದೆನಲ್ಲ, ಎದುರು ದಿಕ್ಕಿನಿಂದ ತಳ್ಳುವುದು, ಅದಕ್ಕೆ 1980ರ ದಶಕದ ಅಮೆರಿಕವನ್ನು ಬ್ರಿಟನ್ ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಹಣದುಬ್ಬರದ ಮೇಲೆ ಯುದ್ಧ ಸಾರಿದರು. 1981ರಲ್ಲಿ ಬಡ್ಡಿದರ ಶೇ 19 ದಾಟಿತ್ತು. 1982ರ ಕೊನೆಗೆ ನಿರುದ್ಯೋಗ ಶೇ 10.8. ಬ್ರಿಟನ್‌ನಷ್ಟೇ ಕೆಟ್ಟ ಸ್ಥಿತಿ. ಆದರೆ ಹಣದುಬ್ಬರ ಮಣಿಯುತ್ತಿದೆ ಅಂತ ಕಂಡ ಕೂಡಲೇ ವೋಲ್ಕರ್ ಬಡ್ಡಿಯನ್ನು ಸರಸರ ಇಳಿಸಿದರು. 1982ರ ಕೊನೆಗೆ ಅದು ಶೇ 9ರ ಹತ್ತಿರ ಬಂತು. ರೇಗನ್ ಸರ್ಕಾರದ ತೆರಿಗೆ ಕಡಿತ ಮತ್ತು ರಕ್ಷಣಾ ಖರ್ಚು ಬೇಡಿಕೆಗೆ ಇನ್ನಷ್ಟು ಬಲ ಕೊಟ್ಟವು. 1989ಕ್ಕೆ ನಿರುದ್ಯೋಗ ಶೇ 5.3. ಹಿಂಜರಿತ ಎಷ್ಟು ಆಳ ಅನ್ನುವುದಕ್ಕಿಂತ, ಅದು ಬಂದ ಮೇಲೆ ಬಡ್ಡಿಯನ್ನು ಎಷ್ಟು ಬೇಗ, ಎಷ್ಟು ಜೋರಾಗಿ ಇಳಿಸಿದರು ಅನ್ನುವುದೇ ದೇಶ ದೇಶಗಳ ನಡುವಿನ ವ್ಯತ್ಯಾಸವನ್ನು ಬಹುಮಟ್ಟಿಗೆ ತೀರ್ಮಾನಿಸಿತು ಅಂತ ಬಾಲ್ 1999ರಲ್ಲಿ ತೋರಿಸಿದರು. ನಿರುದ್ಯೋಗ ಭತ್ಯೆಯ ನಿಯಮಗಳಿಗೂ ಪಾತ್ರವಿತ್ತು, ಅದನ್ನು ಮರೆಮಾಚಬಾರದು. ಅಮೆರಿಕದಲ್ಲಿ ಭತ್ಯೆ ಸಾಮಾನ್ಯವಾಗಿ 26 ವಾರಕ್ಕೆ ಮುಗಿಯುತ್ತದೆ, ಯುರೋಪಿನ ಹಲವೆಡೆ ವರ್ಷಗಟ್ಟಲೆ ಸಿಗುತ್ತಿತ್ತು.

ಇನ್ನೂ ಜೋರಾದ ತಳ್ಳು ಅಂದರೆ ಎರಡನೇ ಮಹಾಯುದ್ಧ. ಹತ್ತು ವರ್ಷದ ಮಹಾಕುಸಿತದ ನಂತರ, 1940ರಲ್ಲಿ ಅಮೆರಿಕದ ನಿರುದ್ಯೋಗ ಇನ್ನೂ ಶೇ 14.6 ಇತ್ತು. ಇವರು ಇನ್ನು ಕೆಲಸಕ್ಕೆ ಬಾರದವರು ಅಂತ ಹಲವರು ಕೈಬಿಟ್ಟಿದ್ದರು. 1944ಕ್ಕೆ ಅದು ಶೇ 1.2. ವರ್ಷಗಟ್ಟಲೆ ಕೂತಿದ್ದವರೇ ವಿಮಾನ, ಹಡಗು ಕಟ್ಟಿದರು. ಕೌಶಲ ಇಲ್ಲ ಅನ್ನುತ್ತಿದ್ದ ಕಂಪನಿಗಳೇ ನಿಂತು ಕಲಿಸಿಕೊಟ್ಟವು, ಬೇರೆ ದಾರಿ ಇರಲಿಲ್ಲ. 2020ರಲ್ಲೂ ಇದರ ಸಣ್ಣ ರೂಪ ಕಂಡಿತು. ಆ ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ 14 ದಾಟಿತು. ದೊಡ್ಡ ಪ್ರಮಾಣದ ಸರ್ಕಾರಿ ಖರ್ಚಿನ ನಂತರ 2022ರ ಜುಲೈಗೆ ಅದು ಶೇ 3.5ಕ್ಕೆ ಮರಳಿತು. 2008ರ ನಂತರ ಇದೇ ಚೇತರಿಕೆಗೆ ಹತ್ತು ವರ್ಷ ಹಿಡಿದಿತ್ತು. ಆದರೆ ಈ ಸಲ, 2022ರಲ್ಲಿ, ಹಣದುಬ್ಬರವೂ ಶೇ 9 ದಾಟಿತು, ಅದನ್ನೂ ಮಕ್ಕಳಿಗೆ ಹೇಳಿ. ತಳ್ಳುವುದಕ್ಕೆ ಬೆಲೆ ಇದೆ. ತಳ್ಳದೇ ಇರುವುದಕ್ಕೂ ಇದೆ, ಆದರೆ ಅದು ಯಾವ ತಿಂಗಳ ಅಂಕಿಯಲ್ಲೂ ಮುಖಪುಟಕ್ಕೆ ಬರುವುದಿಲ್ಲ.

ಭಾರತದ ವಿಷಯದಲ್ಲಿ ಲೆಕ್ಕ ಇಷ್ಟು ಸ್ಪಷ್ಟವಿಲ್ಲ. ಮೊದಲು ನಾನು ಶೇ 6ರ ದಾರಿ ಅಂದೆ. ಆದರೆ ಕೋವಿಡ್‌ಗೆ ಮುಂಚೆಯೇ ನಮ್ಮ ವೇಗ ಇಳಿಯುತ್ತಿತ್ತು. 2019-20ರಲ್ಲಿ ಅದು ಶೇ 4ರ ಹತ್ತಿರವಿತ್ತು. ಆ ವೇಗವನ್ನೇ ಹಿಡಿದರೆ ಮೊದಲ ಎರಡು ವರ್ಷದ ಅಂತರ ಶೇ 8ರ ಬದಲು ಶೇ 4-5 ಆಗುತ್ತದೆ. ಶೇ 7 ಅಂತ ಹಿಡಿದರೆ ಶೇ 10ರ ಹತ್ತಿರ ಹೋಗುತ್ತದೆ. ಯಾರಾದರೂ ಕೋವಿಡ್ ನಷ್ಟ ಇಷ್ಟು ಅಂದರೆ ಯಾವ ಗೆರೆಯಿಂದ ಅಳೆದಿರಿ ಅಂತ ಕೇಳಲು ಮಕ್ಕಳಿಗೆ ಕಲಿಸಿ.

ಜೊತೆಗೆ ನಮ್ಮಲ್ಲಿ ನಿರುದ್ಯೋಗ ದರ ಗಾಯವನ್ನು ಸರಿಯಾಗಿ ತೋರಿಸುವುದಿಲ್ಲ. ಎಲ್ಲರಿಗೂ ನಿರುದ್ಯೋಗ ಭತ್ಯೆ ಸಿಗದ ದೇಶದಲ್ಲಿ ಬಡವರು ಕೆಲಸವಿಲ್ಲದೆ ಕೂರಲು ಆಗುವುದಿಲ್ಲ. ಕಾರ್ಖಾನೆ ಬಿಟ್ಟವರು ಊರಿಗೆ ಹೋಗಿ ಹೊಲಕ್ಕೆ ಇಳಿಯುತ್ತಾರೆ, ಲೆಕ್ಕದಲ್ಲಿ ಉದ್ಯೋಗಿಗಳಾಗಿಯೇ ಇರುತ್ತಾರೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಕೃಷಿಯಲ್ಲಿರುವವರ ಪಾಲು 2018-19ರಲ್ಲಿ ಶೇ 42.5 ಇತ್ತು. 2020-21ಕ್ಕೆ ಶೇ 46.5 ಆಯಿತು. ದಶಕಗಳಿಂದ ಇಳಿಯುತ್ತಾ ಬಂದಿದ್ದ ಅಂಕಿ ಇದು. ಅದೇ ವರ್ಷ ನರೇಗಾದಲ್ಲಿ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು, ಹಿಂದಿನ ವರ್ಷ 265 ಕೋಟಿ ಇತ್ತು. ಗಾಯದ ಆಳ ನೋಡಲು ನಾನು ಜಿಡಿಪಿಗಿಂತ ಈ ಅಂಕಿಗಳನ್ನೇ ಮೊದಲು ತೆರೆಯುತ್ತೇನೆ.

ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳ ಕಲಿಕೆಗೆ ಆದ ಗಾಯವೂ ಇದೇ ಸಾಲಿನದು. ಆದರೆ ಶಾಲೆಯ ಅಂಕಿ ನೋಡುವಾಗ ಒಂದು ಮೋಸ ಹೋಗುವ ಜಾಗವಿದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಶೇ 27.3 ಇದ್ದರು. 2022ರಲ್ಲಿ ಶೇ 20.5ಕ್ಕೆ ಇಳಿದರು. 2024ರಲ್ಲಿ ಮತ್ತೆ ಶೇ 27.1. ಪೂರ್ತಿ ಚೇತರಿಕೆ ಅನ್ನಬಹುದಾ? 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು ಬೇರೆ ಮಕ್ಕಳು. 2022ರಲ್ಲಿ ಓದಲು ಬಾರದೇ ಇದ್ದವರು ಅಷ್ಟರಲ್ಲಿ ಐದನೇ ತರಗತಿಗೆ ಹೋಗಿದ್ದರು. ಸರಾಸರಿ ಮರಳಿತು, ಆ ಮಕ್ಕಳು ಮರಳಿದರಾ ಅನ್ನುವುದನ್ನು ಅವರ ಬೆನ್ನು ಹತ್ತಿಯೇ ನೋಡಬೇಕು.

ತರಗತಿಗೆ ಒಂದು ಕೆಲಸ ಸೂಚಿಸುತ್ತೇನೆ. ಪ್ರತಿ ವಿದ್ಯಾರ್ಥಿಯೂ ತನ್ನ ಊರಲ್ಲಿ ಅಥವಾ ಬೀದಿಯಲ್ಲಿ 2020ರಲ್ಲಿ ಕೆಲಸ ಕಳೆದುಕೊಂಡ ಐದು ಜನರನ್ನು ಮಾತಾಡಿಸಲಿ. ಹೆಸರು ಬರೆದುಕೊಳ್ಳುವುದು ಬೇಡ. ಆಗ ಏನು ಕೆಲಸ, ಎಷ್ಟು ತಿಂಗಳು ಖಾಲಿ ಇದ್ದರು, ಈಗ ಏನು ಕೆಲಸ, ಆಗಿನ ಸಂಬಳ ಎಷ್ಟು, ಈಗ ಎಷ್ಟು. ಇಷ್ಟು ಸಾಕು. ಈಗಿನ ಸಂಬಳವನ್ನು ಹಣದುಬ್ಬರಕ್ಕೆ ತಕ್ಕಂತೆ ಇಳಿಸಿ ನೋಡುವುದನ್ನು ನೀವು ಹೇಳಿಕೊಡಿ. ಎಲ್ಲರ ಅಂಕಿಗಳನ್ನೂ ಒಂದು ಗ್ರಾಫಿಗೆ ಹಾಕಿ, ಅಡ್ಡ ಗೆರೆಯಲ್ಲಿ ಖಾಲಿ ಇದ್ದ ತಿಂಗಳುಗಳು, ನಿಂತ ಗೆರೆಯಲ್ಲಿ ಸಂಬಳದ ವ್ಯತ್ಯಾಸ. ಎರಡು ಮೂರು ತಿಂಗಳು ಖಾಲಿ ಇದ್ದವರ ಚುಕ್ಕೆಗಳನ್ನೂ ಎಂಟು ಹತ್ತು ತಿಂಗಳು ಖಾಲಿ ಇದ್ದವರ ಚುಕ್ಕೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಲು ಹೇಳಿ.